ಕೈ ಬೇಕು, ಮೈ ಬೇಡ
(‘ಸ್ಲೀಪ್ ಡೀಲರ್’ ಚಿತ್ರದ ನೆಪದಲ್ಲಿ ಕೂಲಿ, ಗಡಿ ಮತ್ತು ಗುಳೆಯ ಬಗ್ಗೆ)

ಸುಗ್ಗಿ ಕಾಲದಲ್ಲಿ ನಮ್ಮಪ್ಪ ಗೌಡರ ಕಣದಲ್ಲಿ ರಾಗಿ ಒಕ್ಕೋನು. ಆ ಕಣದಲ್ಲಿ ಅಪ್ಪ ಮುಟ್ಟದ ತೆನೆ ಇರಲಿಲ್ಲ, ತೂರದ ಕಾಳಿರಲಿಲ್ಲ. ಚೀಲ ತುಂಬಿ, ಬೆನ್ನ ಮೇಲೆ ಹೊತ್ತು ಗೌಡರ ಮನೆಯ ಜಗಲಿ ತನಕ ತರೋನು. ಅಲ್ಲಿಗೆ ಅವನ ದಾರಿ ಮುಗೀತು. ಜಗಲಿಯಿಂದ ಒಳಕ್ಕೆ ಚೀಲ ಹೋಗೋದು, ಅಪ್ಪ ಹೋಗೋ ಹಾಗಿಲ್ಲ. ಅದೇ ರಾಗಿಯ ಮುದ್ದೆಯನ್ನು ಒಳಗಿನವರು ಮಣೆ ಹಾಕಿಕೊಂಡು ಉಣ್ಣೋರು. ಅಪ್ಪ ಹಿತ್ತಲಲ್ಲಿ ನಿಂತು, ಮೇಲಿಂದ ಹಾಕಿದ್ದನ್ನು ಒಡ್ಡಿದ ಸೆರಗಿಗೆ ಹಾಕಿಸಿಕೊಂಡು ಬರೋನು. ಅಪ್ಪನ ಕೈ ಮೈಲಿಗೆಯಲ್ಲ, ಮೈ ಮಾತ್ರ ಮೈಲಿಗೆ. ಒಂದೇ ಮನುಷ್ಯನಲ್ಲಿ ಇದು ಹೇಗೆ ಸಾಧ್ಯ ಅನ್ನೋದು ಹುಡುಗನಾಗಿದ್ದ ನನಗೆ ಅರ್ಥವಾಗಿರಲಿಲ್ಲ.

ಈಚೆಗೆ ನಮ್ಮ ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ಹುಡುಗರ ಜೊತೆ ಕೂತು ಒಂದು ಸಿನಿಮಾ ನೋಡಿದೆ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಎರವಲು ತಂದ ಪ್ರೊಜೆಕ್ಟರಿನಲ್ಲಿ ನೋಡಿದ್ದು. ಹೆಸರು ‘ಸ್ಲೀಪ್ ಡೀಲರ್’. 2008ರಲ್ಲಿ ಬಂದದ್ದು. ನಿರ್ದೇಶಕ ಅಲೆಕ್ಸ್ ರಿವೇರಾ, ಪೆರು ದೇಶದಿಂದ ಅಮೆರಿಕಾಕ್ಕೆ ವಲಸೆ ಬಂದ ತಂದೆಯ ಮಗ. ಮಾತು ಬಹುಪಾಲು ಸ್ಪಾನಿಷ್. ಮೆಕ್ಸಿಕೋದ ಗಡಿಪಟ್ಟಣ ತಿಹ್ವಾನಾದಲ್ಲಿ, ಕಾರ್ಖಾನೆಯ ಮೇಸ್ತ್ರಿಯೊಬ್ಬ ಹೊಸ ಕೂಲಿಯವನಿಗೆ ಒಂದು ಮಾತು ಹೇಳ್ತಾನೆ. ಅಮೆರಿಕಾದವರು ಯಾವತ್ತಿಂದಲೂ ಬಯಸಿದ್ದನ್ನೇ ನಾವು ಅವರಿಗೆ ಕೊಡ್ತಿದ್ದೀವಿ, ಕೆಲಸವಷ್ಟೂ ಅವರಿಗೆ ಸಲ್ಲುತ್ತೆ, ಕೆಲಸಗಾರ ಮಾತ್ರ ಅಲ್ಲಿಗೆ ಹೋಗೋದಿಲ್ಲ ಅನ್ನೋದು ಆ ಮಾತಿನ ಸಾರ. ಅದನ್ನು ಕೇಳಿದಾಗ ಜಗಲಿ ಕೆಳಗೆ ನಿಂತ ಅಪ್ಪ ಕಣ್ಣಿಗೆ ಬಂದ.

ಸಾಹುಕಾರ ದೇಶಗಳಲ್ಲಿ ಒಂದು ವಾದ ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಬಡದೇಶದವರು ಯಾಕೆ ಬರ್ತಾರೆ? ಅಲ್ಲಿ ಕೆಲಸವಿಲ್ಲ, ಅದಕ್ಕೆ. ಹಾಗಾದರೆ ಕೆಲಸವನ್ನೇ ಅಲ್ಲಿಗೆ ಗುತ್ತಿಗೆ ಕೊಟ್ಟುಬಿಡಿ, ಅವರು ಅಲ್ಲೇ ಉಳೀತಾರೆ. ಕೇಳೋದಕ್ಕೆ ನ್ಯಾಯವಾಗಿಯೇ ಇದೆ. ನಮ್ಮ ಓದಿದ ಗೆಳೆಯರಲ್ಲೂ ಅನೇಕರು ಇದನ್ನು ನಂಬಿದ್ದಾರೆ. ಈ ನಂಬಿಕೆ ಪೊಳ್ಳು ಎಂಬುದನ್ನು ಈ ಚಿತ್ರ ನೂರು ನಿಮಿಷದೊಳಗೆ ಬಿಚ್ಚಿಡುತ್ತೆ. ಆದರೆ ಬಿಚ್ಚಿಡುವಾಗ ಕೆಲವು ಸತ್ಯಗಳನ್ನು ಮುಚ್ಚಿಯೂ ಇಡುತ್ತೆ. ಎರಡನ್ನೂ ನಾವು ನೋಡಬೇಕು.

*

ಕಥೆ ಇಷ್ಟು. ಮೆಕ್ಸಿಕೋದ ದಕ್ಷಿಣಕ್ಕೆ ವಹಾಕಾ ಅನ್ನೋ ಪ್ರಾಂತ. ಅಲ್ಲಿನ ಒಂದು ಹಳ್ಳಿಯ ಹುಡುಗ ಮೇಮೊ. ಅಪ್ಪನಿಗೊಂದು ತುಂಡು ಹೊಲ. ಮುಸುಕಿನ ಜೋಳ, ಹುರುಳಿ ಬೆಳೆಯುವ ಹೊಲವನ್ನು ಅವರು ಮಿಲ್ಪಾ ಅಂತಾರೆ. ಹೊಳೆಗೆ ಒಂದು ಕಂಪನಿ ಅಡ್ಡಗಟ್ಟೆ ಕಟ್ಟಿ ನೀರನ್ನೆಲ್ಲ ಹಿಡಿದುಕೊಂಡಿದೆ. ತಮ್ಮ ಹೊಳೆಯ ನೀರನ್ನೇ ಈ ಜನ ಕಾಸು ಕೊಟ್ಟು, ಬಂದೂಕಿನ ಕಾವಲಿನಲ್ಲಿ ಚೀಲಕ್ಕೆ ತುಂಬಿಕೊಂಡು ಬರಬೇಕು. ಮೇಮೊಗೆ ರೇಡಿಯೋ ಹುಚ್ಚು. ತಾನೇ ಕಟ್ಟಿದ ಆಂಟೆನಾದಲ್ಲಿ ದೂರದ ಮಾತು ಕದ್ದು ಕೇಳ್ತಾನೆ. ಕಂಪನಿ ಅವನನ್ನು ಭಯೋತ್ಪಾದಕ ಅಂತ ಎಣಿಸಿ ಡ್ರೋನ್ ಕಳಿಸುತ್ತೆ. ಸಾಯೋದು ಅಪ್ಪ. ಡ್ರೋನ್ ಓಡಿಸಿದವನು ರೂಡಿ, ಅಮೆರಿಕಾದಲ್ಲಿ ಕೂತ ಮೆಕ್ಸಿಕೋ ಮೂಲದವನು.

ಮೇಮೊ ಹೊಟ್ಟೆಪಾಡಿಗೆ ತಿಹ್ವಾನಾಕ್ಕೆ ಬರ್ತಾನೆ. ಗಡಿ ಮುಚ್ಚಿದೆ. ಆದರೆ ಗಡಿ ದಾಟದೆಯೇ ದುಡಿಯುವ ಕಾರ್ಖಾನೆಗಳಿವೆ. ಕೂಲಿಯವನ ತೋಳಿಗೆ, ಬೆನ್ನಿಗೆ ತೂತು ಕೊರೆದು ಲೋಹದ ಕೊಂಡಿ ಕೂರಿಸ್ತಾರೆ. ತಂತಿ ಸಿಕ್ಕಿಸಿಕೊಂಡು ಅವನು ಇಲ್ಲಿ ಕೈ ಆಡಿಸಿದರೆ, ಅಮೆರಿಕಾದ ಸಾನ್ ಡಿಯೇಗೋದಲ್ಲಿ ಒಂದು ಯಂತ್ರಮಾನವ ಕೈ ಆಡಿಸಿ ಮಹಡಿ ಮೇಲೆ ಮಹಡಿ ಕಟ್ಟುತ್ತೆ. ಬಹಳ ಹೊತ್ತು ದುಡಿದವರು ಕುಸಿದು ಬೀಳ್ತಾರೆ. ಅದಕ್ಕೇ ಈ ಕಾರ್ಖಾನೆಗಳಿಗೆ ನಿದ್ದೆ ವ್ಯಾಪಾರಿಗಳು ಎಂದು ಅಡ್ಡಹೆಸರು. ಲೂಸ್ ಅನ್ನೋ ಹೆಣ್ಣುಮಗಳು ಅವನಿಗೆ ಕೊಂಡಿ ಕೂರಿಸಿಕೊಡ್ತಾಳೆ. ಅವಳೂ ಬಡವಿಯೇ, ಓದಿಗೆ ಮಾಡಿದ ಸಾಲ ತೀರಿಸಲಿಕ್ಕೆ ತನ್ನ ನೆನಪುಗಳನ್ನು ಮಾರುವವಳು. ಆ ನೆನಪುಗಳನ್ನು ಕೊಂಡುಕೊಂಡ ರೂಡಿಗೆ ತಾನು ಕೊಂದದ್ದು ಯಾರನ್ನು ಅನ್ನೋದು ಗೊತ್ತಾಗುತ್ತೆ. ಕೊನೆಗೆ ಮೂವರೂ ಸೇರಿ ಅದೇ ಡ್ರೋನಿನಿಂದ ಅಡ್ಡಗಟ್ಟೆ ಒಡೀತಾರೆ. ಹಳ್ಳಿಗೆ ನೀರು ಹರಿಯುತ್ತೆ.

ಇದನ್ನು ಮುಂದೆಂದೋ ಆಗುವ ಕಥೆ ಅಂತ ತೆಗೆದಿದ್ದಾರೆ. ಆದರೆ ಇದರ ಒಂದೊಂದು ಎಳೆಯೂ ನಡೆದುಹೋದ ಚರಿತ್ರೆಯಿಂದ ಎತ್ತಿಕೊಂಡದ್ದು. ಆ ಚರಿತ್ರೆ ಗೊತ್ತಿಲ್ಲದೆ ಈ ಚಿತ್ರದ ಬೆಲೆ ಗೊತ್ತಾಗೋದಿಲ್ಲ.

*

1942ರಲ್ಲಿ ಯುದ್ಧ ನಡೀತಿತ್ತು. ಅಮೆರಿಕಾದ ಹೊಲಗಳಲ್ಲಿ ಆಳುಗಳಿಗೆ ಬರ. ಎರಡೂ ಸರ್ಕಾರ ಒಪ್ಪಂದ ಮಾಡಿಕೊಂಡು ಮೆಕ್ಸಿಕೋದ ಗಂಡಾಳುಗಳನ್ನು ಗುತ್ತಿಗೆ ಮೇಲೆ ಕರೆಸಿಕೊಂಡವು. ಈ ವ್ಯವಸ್ಥೆ ಯುದ್ಧ ಮುಗಿದ ಮೇಲೂ ನಿಲ್ಲದೆ 1964ರ ತನಕ ನಡೀತು. ಒಟ್ಟು 46 ಲಕ್ಷದಷ್ಟು ಗುತ್ತಿಗೆಗಳಾದವು. ಹೀಗೆ ಹೋದವರನ್ನು ಬ್ರಸೇರೋ ಅಂತ ಕರೆದರು. ಬ್ರಾಸೋ ಎಂದರೆ ಸ್ಪಾನಿಷಿನಲ್ಲಿ ತೋಳು. ಬ್ರಸೇರೋ ಎಂದರೆ ತೋಳಿನಿಂದ ದುಡಿಯುವವನು. ಹೆಸರಿನಲ್ಲೇ ಮನುಷ್ಯ ಕಳೆದುಹೋಗಿ ತೋಳು ಮಾತ್ರ ಉಳಿದಿದೆ, ನೋಡಿ! ಗಡಿಯಲ್ಲಿ ಅವರ ಬಟ್ಟೆ ಬಿಚ್ಚಿಸಿ, ಸಾಲಾಗಿ ನಿಲ್ಲಿಸಿ, ಮುಖಕ್ಕೂ ಮೈಗೂ ಡಿ.ಡಿ.ಟಿ. ಪುಡಿ ಎರಚುತ್ತಿದ್ದರು. 1956ರಲ್ಲಿ ಲಿಯೊನಾರ್ಡ್ ನಡೆಲ್ ಎಂಬ ಛಾಯಾಗ್ರಾಹಕ ತೆಗೆದ ಚಿತ್ರಗಳು ಇದಕ್ಕೆ ಸಾಕ್ಷಿ. ಕೆಲಸಕ್ಕೆ ಕರೆಸಿಕೊಂಡವರ ಮೈಗೆ ಈ ಶುದ್ಧೀಕರಣ! ಇದು ನಮಗೆ ಹೊಸದೇ? ಮೊದಲ ವರ್ಷಗಳಲ್ಲಿ ಅವರ ಕೂಲಿಯಿಂದ ನೂರಕ್ಕೆ ಹತ್ತರಷ್ಟು ಉಳಿತಾಯ ಎಂದು ಹಿಡಿದಿಟ್ಟುಕೊಂಡರು. ಎಷ್ಟೋ ಜನಕ್ಕೆ ಆ ಹಣ ವಾಪಸ್ಸು ಬರಲೇ ಇಲ್ಲ.

1964ರಲ್ಲಿ ಗುತ್ತಿಗೆ ನಿಂತಿತು. ಲಕ್ಷಾಂತರ ಜನ ಗಡಿಪಟ್ಟಣಗಳಲ್ಲಿ ಕೆಲಸವಿಲ್ಲದೆ ಕೂತರು. ಆಗ ಹುಟ್ಟಿದ್ದೇ 1965ರ ಗಡಿ ಕೈಗಾರಿಕಾ ಯೋಜನೆ. ಅಮೆರಿಕಾದ ಕಂಪನಿಗಳು ಬಿಡಿಭಾಗಗಳನ್ನು ಸುಂಕವಿಲ್ಲದೆ ಗಡಿಯಾಚೆ ಕಳಿಸೋದು, ಅಲ್ಲಿ ಅಗ್ಗದ ಕೂಲಿಯಲ್ಲಿ ಜೋಡಿಸಿ ಮತ್ತೆ ತಂದು ಮಾರೋದು. ಈ ಕಾರ್ಖಾನೆಗಳಿಗೆ ಮಾಕಿಲಾ ಅಂತ ಹೆಸರು. ಹಿಂದಿನ ಕಾಲದಲ್ಲಿ ಈ ಮಾತಿಗಿದ್ದ ಅರ್ಥ ಬೇರೆ. ಬಡರೈತನ ಕಾಳು ಬೀಸಿಕೊಟ್ಟು ಗಿರಣಿಯವನು ತನಗೆಂದು ಹಿಡಿದುಕೊಳ್ಳುವ ಪಾಲೇ ಮಾಕಿಲಾ. ಕಾಳು ನಿಮ್ಮದು, ಬೆವರು ನಿಮ್ಮದು, ಪಾಲು ಅವನದು.

ವಲಸೆ ಹೋಗಿ ಬಂದ ಗಂಡಸರಿಗೆ ಕೆಲಸ ಕೊಡೋದಕ್ಕೆ ಈ ಯೋಜನೆ ಅಂತ ಹೇಳಿದ್ದರು. ಆದರೆ ಮಾಕಿಲಾಗಳು ಕೆಲಸಕ್ಕೆ ತೆಗೆದುಕೊಂಡದ್ದು ಹೆಚ್ಚಾಗಿ ಹದಿಹರೆಯದ ಹೆಣ್ಣುಮಕ್ಕಳನ್ನು. ಕಾರಣ ಹೇಳಿದ್ದು, ಅವರ ಬೆರಳು ಸಣ್ಣ, ಚುರುಕು ಅಂತ. ಹೇಳದೆ ಉಳಿದ ಕಾರಣ, ಅವರಿಗೆ ಕಡಿಮೆ ಕೊಟ್ಟರೆ ನಡೆಯುತ್ತೆ, ಎದುರು ಮಾತಾಡೋದಿಲ್ಲ ಅಂತ. ಗಂಡಸರು ಮೊದಲಿನಂತೆಯೇ ಬೇಲಿ ಹಾರುತ್ತಿದ್ದರು. ದೂರದ ಹಳ್ಳಿಗಳಿಂದ ಗಡಿಗೆ ಬಂದ ಹೆಣ್ಣುಮಕ್ಕಳು ವಾಪಸ್ಸು ಹೋಗುವ ಹಾಗಿರಲಿಲ್ಲ. ಕೆಲಸ ಕಳೆದುಕೊಂಡ ದಿನ ಅವರೂ ಅದೇ ದಾರಿ ಹಿಡಿದರು. ಸಸ್ಕಿಯಾ ಸಾಸೆನ್ ಎಂಬ ವಿದುಷಿ 1988ರಲ್ಲಿ ಬರೆದ ಪುಸ್ತಕದಲ್ಲಿ ಈ ನಂಟನ್ನೇ ಎತ್ತಿ ತೋರಿಸಿದರು. ರಫ್ತಿಗೆಂದು ಬರುವ ವಿದೇಶಿ ಬಂಡವಾಳ ಜನರನ್ನು ಊರಲ್ಲಿ ನೆಲೆ ನಿಲ್ಲಿಸೋದಿಲ್ಲ. ಹಳೆಯ ಬದುಕಿನಿಂದ ಬೇರು ಕಿತ್ತು, ಹೊರದೇಶದ ದಾರಿ ತೋರಿಸುತ್ತೆ ಅನ್ನೋದು ಅವರ ವಾದ.

ಇನ್ನು 1994. ಆ ವರ್ಷ ಜನವರಿ 1ರಂದು ಅಮೆರಿಕಾ, ಕೆನಡಾ, ಮೆಕ್ಸಿಕೋಗಳ ಮುಕ್ತ ವ್ಯಾಪಾರ ಒಪ್ಪಂದ ನಾಫ್ಟಾ ಜಾರಿಗೆ ಬಂತು. ಮೆಕ್ಸಿಕೋದಿಂದ ಸರಕು ಹೋಗುತ್ತೆ, ಜನ ಹೋಗೋದಿಲ್ಲ ಅನ್ನೋದೇ ಅಧ್ಯಕ್ಷ ಸಾಲಿನಾಸ್ ಅವರ ಸಮರ್ಥನೆಯಾಗಿತ್ತು. ಅದೇ ದಿನ ಚಿಯಾಪಾಸಿನ ಮೂಲನಿವಾಸಿ ರೈತರು, ಜಪತಿಸ್ತಾಗಳು, ಬಂದೂಕು ಹಿಡಿದು ಎದ್ದರು. ಅವರಿಗೆ ಗೊತ್ತಿತ್ತು. ಸರ್ಕಾರ 1992ರಲ್ಲೇ ಸಂವಿಧಾನದ 27ನೇ ವಿಧಿ ತಿದ್ದಿ ಸಮುದಾಯದ ಭೂಮಿಯನ್ನು ಮಾರಾಟಕ್ಕೆ ಬಿಟ್ಟಿತ್ತು. ಈಗ ಸಬ್ಸಿಡಿ ತಿಂದು ಕೊಬ್ಬಿದ ಅಮೆರಿಕಾದ ಜೋಳ ಒಳಗೆ ಬರುತ್ತೆ. ಅದರ ಸುಂಕವನ್ನು 15 ವರ್ಷದಲ್ಲಿ ಹಂತಹಂತವಾಗಿ ಇಳಿಸಬೇಕಿತ್ತು. ಸರ್ಕಾರ ಅಷ್ಟು ದಿನವೂ ಕಾಯದೆ ಬಾಗಿಲು ತೆರೆಯಿತು. ಜೋಳದ ಬೆಲೆ ಬಿತ್ತು.

ಲೆಕ್ಕ ಹಾಕಿ. ಮೆಕ್ಸಿಕೋದ ಬೇಸಾಯದಲ್ಲಿ 1993ರ ಕೊನೆಗೆ ಸುಮಾರು 81 ಲಕ್ಷ ಜನ ದುಡೀತಿದ್ದರು. 2002ರ ಹೊತ್ತಿಗೆ ಅದು 68 ಲಕ್ಷಕ್ಕೆ ಇಳೀತು. ಮಾಕಿಲಾ ಕೂಲಿಗಳು 1994ರಲ್ಲಿ ಐದೂವರೆ ಲಕ್ಷದ ಸುಮಾರು, 2000ದಲ್ಲಿ 13 ಲಕ್ಷದ ಸುಮಾರು. ಎಲ್ಲ ಏರಿಕೆ ಸೇರಿಸಿದರೂ ಹೊಲ ಬಿಟ್ಟವರಿಗೆ ಸಾಲದು. ಅದೂ ನಿಲ್ಲಲಿಲ್ಲ. 2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು, ಇನ್ನೂ ಅಗ್ಗದ ಕೂಲಿ ಹುಡುಕಿಕೊಂಡು ಎಷ್ಟೋ ಕಾರ್ಖಾನೆಗಳು ಅತ್ತ ಹೊರಟವು. ಅಮೆರಿಕಾದಲ್ಲಿದ್ದ ಮೆಕ್ಸಿಕೋ ಸಂಜಾತರು 1990ರಲ್ಲಿ 40 ಲಕ್ಷಕ್ಕೂ ಹೆಚ್ಚು. 2007ರಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು. ಕೆಲಸ ಕಳಿಸಿದರೆ ಜನ ಬರೋದಿಲ್ಲ ಅಂದವರು ಈ ಲೆಕ್ಕಕ್ಕೆ ಏನು ಹೇಳ್ತಾರೆ?

ಎಲ್ಲವನ್ನೂ ನಾಫ್ಟಾದ ತಲೆಗೆ ಕಟ್ಟೋದು ಸರಿಯಲ್ಲ. 1994ರ ಡಿಸೆಂಬರಿನಲ್ಲಿ ಪೆಸೊ ನಾಣ್ಯ ಕುಸಿಯಿತು. ಅಮೆರಿಕಾದಲ್ಲಿ ಮನೆ ಕಟ್ಟುವ ಭರಾಟೆ ಇತ್ತು. 2008ರಲ್ಲಿ ಆ ಭರಾಟೆ ಮುರಿದುಬಿದ್ದ ಮೇಲೆ, 2009ರಿಂದ 2014ರ ನಡುವೆ ಬಂದವರಿಗಿಂತ ವಾಪಸ್ಸು ಹೋದ ಮೆಕ್ಸಿಕನ್ನರೇ ಹೆಚ್ಚು. ಅಂದರೆ ಜನರನ್ನು ಎಳೆಯೋದು ಕೆಲಸ, ಅದರ ಕೂಲಿ. ಅಮೆರಿಕಾದ ಬೆಡಗಲ್ಲ.

*

ಕೂಲಿಯ ಮಾತಿಗೆ ಬರೋಣ. ಬೇರೆಲ್ಲ ಇದರ ಸುತ್ತ ಕಟ್ಟಿದ್ದು. 2000ದಲ್ಲಿ ಅಮೆರಿಕಾದ ಕನಿಷ್ಠ ಕೂಲಿ ಗಂಟೆಗೆ 5 ಡಾಲರ್ 15 ಸೆಂಟ್. ಅದೇ ವರ್ಷ ಮೆಕ್ಸಿಕೋ ಗಡಿಯ ಕನಿಷ್ಠ ಕೂಲಿ ದಿನಕ್ಕೆ ಸುಮಾರು 38 ಪೆಸೊ, ಅಂದರೆ 4 ಡಾಲರ್. ಒಂದು ಕಡೆ ಗಂಟೆಗೆ ಐದು, ಇನ್ನೊಂದು ಕಡೆ ದಿನಕ್ಕೆ ನಾಲ್ಕು. ನಡುವೆ ಒಂದು ಬೇಲಿ. ಮಾಕಿಲಾದಲ್ಲಿ ಕನಿಷ್ಠ ಕೂಲಿಗಿಂತ ಒಂದಿಷ್ಟು ಹೆಚ್ಚು ಸಿಕ್ತಿತ್ತು ಅಂತಲೇ ಇಟ್ಟುಕೊಳ್ಳಿ, ಈ ಕಂದರ ಮುಚ್ಚುತ್ತದೆಯೆ? ಕೆಲಸ ಬಂತು ನಿಜ, ಕೂಲಿ ಬರಲಿಲ್ಲ. ಕೂಲಿ ಬಂದಿದ್ದರೆ ಕಂಪನಿಯೇ ಬರ್ತಿರಲಿಲ್ಲ. ಕಂಪನಿಯನ್ನು ಮೆಕ್ಸಿಕೋಕ್ಕೆ ಕರೆತಂದ ವ್ಯತ್ಯಾಸವೇ ಕೂಲಿಯವನನ್ನು ಅಮೆರಿಕಾಕ್ಕೆ ಕರೆಯುತ್ತೆ. ಕಂಪನಿ ದಾಟಿದರೆ ಅದು ಬಂಡವಾಳ ಹೂಡಿಕೆ, ಕೂಲಿಯವನು ದಾಟಿದರೆ ಅದು ಅಪರಾಧ.

ಈ ವ್ಯತ್ಯಾಸವನ್ನು ಯಾವ ದೇವರೂ ಮಾಡಿದ್ದಲ್ಲ. ಅದನ್ನು ಕಾಯ್ದುಕೊಂಡು ಬಂದದ್ದು ಗೋಡೆ. ನಾಫ್ಟಾ ಜಾರಿಗೆ ಬಂದ 1994ರಲ್ಲೇ, ಅಕ್ಟೋಬರ್ ತಿಂಗಳಿಂದ, ಸಾನ್ ಡಿಯೇಗೋ ಗಡಿಯಲ್ಲಿ ‘ಆಪರೇಷನ್ ಗೇಟ್‌ಕೀಪರ್’ ಶುರುವಾಯಿತು. ಬೇಲಿ, ದೀಪ, ಕಾವಲು ಹೆಚ್ಚಿದವು. ಜನ ಮರುಭೂಮಿಯ ದಾರಿ ಹಿಡಿದು ಬಾಯಾರಿ ಸತ್ತರು. ಜನವರಿಯಲ್ಲಿ ಸರಕಿಗೆ ತೆರೆದ ಬಾಗಿಲು ಅಕ್ಟೋಬರಿನಲ್ಲಿ ಮನುಷ್ಯನಿಗೆ ಮುಚ್ಚಿತು. ಇದರಲ್ಲಿ ವಿರೋಧಾಭಾಸ ಕಾಣುವವರು ಜಾತಿ ಗೊತ್ತಿಲ್ಲದವರು. ನಮಗೆ ಇದು ಗೌಡರ ಮನೆಯ ಜಗಲಿ. ಚೀಲಕ್ಕೆ ಒಂದು ನ್ಯಾಯ, ಚೀಲ ಹೊತ್ತವನಿಗೆ ಒಂದು ನ್ಯಾಯ. ಕೈಯನ್ನು ಮೈಯಿಂದ ಬೇರೆ ಮಾಡಿದರೆ ಕೈ ಅಗ್ಗವಾಗುತ್ತೆ. ಮೈ ಒಳಗೆ ಬಂದರೆ ಅದು ಮಣೆ ಕೇಳುತ್ತೆ, ಮನೆ ಕೇಳುತ್ತೆ, ಮಗನಿಗೆ ಶಾಲೆ ಕೇಳುತ್ತೆ, ಕೊನೆಗೆ ಓಟು ಕೇಳುತ್ತೆ. ಅಸ್ಪೃಶ್ಯತೆ ಬರೀ ಮಡಿ-ಮೈಲಿಗೆಯ ಹುಚ್ಚಲ್ಲ, ಅದು ಕೂಲಿ ಇಳಿಸುವ ಯಂತ್ರವೂ ಹೌದು. ರಿವೇರಾ ತನ್ನ ಚಿತ್ರದಲ್ಲಿ ಇದನ್ನೇ ತಂತಿ ಹಾಕಿ ತೋರಿಸಿದ್ದಾನೆ. ಅವನು ನಾಳೆ ಅಂತ ತೋರಿಸಿದ್ದು ನಮ್ಮ ನಿನ್ನೆ.

ಚಿತ್ರದ ದೊಡ್ಡ ಗುಣ ಇದು. ನೀರು, ಜೋಳ, ಕೂಲಿ, ಗೋಡೆ, ಬಂದೂಕು, ಐದನ್ನೂ ಅದು ಒಂದೇ ದಾರದಲ್ಲಿ ಪೋಣಿಸುತ್ತೆ. ಹೊಳೆ ಕಟ್ಟಿದ ಕಂಪನಿ, ಡ್ರೋನ್ ಕಳಿಸುವ ಕಂಪನಿ, ನಿದ್ದೆ ಕೊಳ್ಳುವ ಕಂಪನಿ ಒಂದೇ ವ್ಯವಸ್ಥೆಯ ಕೈಬೆರಳುಗಳು. ಇನ್ನೊಂದು ಸೂಕ್ಷ್ಮವೂ ಇದೆ. ಗಡಿ ದಾಟಿಸುವ ದಲ್ಲಾಳಿಗೆ ಅಲ್ಲಿ ಕೊಯೋಟೆ, ಅಂದರೆ ತೋಳದ ಜಾತಿಯ ಗುಳ್ಳೆನರಿ ಅಂತ ಹೆಸರು. ಚಿತ್ರದಲ್ಲಿ ಅದೇ ದಲ್ಲಾಳಿ ಮೈಯನ್ನು ದಾಟಿಸೋದು ಬಿಟ್ಟು ಮೈಗೆ ಕೊಂಡಿ ಕೂರಿಸುವ ದಂಧೆಗೆ ಇಳಿದಿದ್ದಾನೆ. ಕಾಲ ಬದಲಾದರೂ ದಲ್ಲಾಳಿ ಹಸಿದಿರೋದಿಲ್ಲ.

*

ಇನ್ನು ಚಿತ್ರ ಮುಚ್ಚಿಟ್ಟದ್ದು. ಇಲ್ಲಿ ನನಗೆ ಮೂರು ತಕರಾರಿವೆ.

ಮೊದಲನೆಯದು, ಹೆಣ್ಣು. ಮಾಕಿಲಾ ಕಟ್ಟಿದ್ದೇ ಹೆಣ್ಣುಮಕ್ಕಳ ಬೆರಳಿನ ಮೇಲೆ. ಸಿಯುದಾದ್ ಹ್ವಾರೆಸ್ ಪಟ್ಟಣದಲ್ಲಿ 1993ರಿಂದೀಚೆಗೆ ನೂರಾರು ಹೆಣ್ಣುಮಕ್ಕಳು ಕೊಲೆಯಾಗಿ ಮರಳಲ್ಲಿ ಸಿಕ್ಕರು. ಅವರಲ್ಲಿ ಮಾಕಿಲಾದ ಪಾಳಿ ಮುಗಿಸಿ ಮನೆಗೆ ಹೊರಟವರೂ ಇದ್ದರು. ಈ ಚಿತ್ರದಲ್ಲಿ ದುಡಿಯುವ ಕಥಾನಾಯಕ ಗಂಡು, ಹೆಣ್ಣು ಬರಹಗಾರ್ತಿ ಮತ್ತು ಪ್ರೇಯಸಿ. ಯಂತ್ರಕ್ಕೆ ಕೈ ಕೊಟ್ಟವಳ ಕಥೆಯನ್ನು ಗಂಡಿಗೆ ವರ್ಗಾಯಿಸಿದ್ದು ನ್ಯಾಯವೆ?

ಎರಡನೆಯದು, ಹಳ್ಳಿ. ಮೇಮೊನ ಹಳ್ಳಿಯಲ್ಲಿ ಕೆಟ್ಟದ್ದೆಲ್ಲ ಹೊರಗಿನಿಂದ ಬರುತ್ತೆ. ಒಳಗೆ ಅಪ್ಪ, ಹೊಲ, ಜೋಳ, ಪ್ರೀತಿ. ಇಂಥ ಹಳ್ಳಿಯನ್ನು ನಾವು ನಮ್ಮ ನವೋದಯದ ಬರಹಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ಗುಣಗಾನ ಮಾಡುವವರನ್ನು ತರಾಟೆಗೆ ತೆಗೆದುಕೊಂಡದ್ದು ನಮಗೆ ನೆನಪಿದೆ. ವಹಾಕಾ ಮಿಶ್ತೆಕೋ, ಜಾಪೊತೆಕೋ ಮೊದಲಾದ ಮೂಲನಿವಾಸಿಗಳ ನಾಡು. ಅಲ್ಲಿಂದ ಕ್ಯಾಲಿಫೋರ್ನಿಯಾದ ಹೊಲಗಳಿಗೆ ಹೋದವರನ್ನು ಬೇರೆ ಮೆಕ್ಸಿಕನ್ನರೇ ‘ವಹಾಕಿತಾ’ ಅಂತ ಹೀಯಾಳಿಸ್ತಾರೆ. ಕುಳ್ಳ, ಕರಿಯ, ಭಾಷೆ ಬಾರದವನು ಅನ್ನೋ ಅರ್ಥದಲ್ಲಿ. 2012ರಲ್ಲಿ ಆಕ್ಸ್‌ನಾರ್ಡ್ ಪಟ್ಟಣದ ಮಿಶ್ತೆಕೋ ಜನ, ನಮ್ಮನ್ನು ಹಾಗೆ ಕರೆಯಬೇಡಿ ಅಂತ ಶಾಲೆಗಳಲ್ಲಿ ಚಳವಳಿಯನ್ನೇ ಮಾಡಬೇಕಾಯಿತು. ಬಡವರೊಳಗಿನ ಈ ಮೇಲು ಕೀಳು ಚಿತ್ರದಲ್ಲಿ ಸುಳಿಯೋದಿಲ್ಲ. ಮೇಮೊ ಬರೀ ಮೆಕ್ಸಿಕನ್ ಆಗಿಬಿಡ್ತಾನೆ. ಊರು ಬಿಡೋದು ಚಿತ್ರದಲ್ಲಿ ಬರೀ ಶೋಕ. ನಮ್ಮಲ್ಲಿ ಎಷ್ಟೋ ಜನಕ್ಕೆ ಊರು ಬಿಟ್ಟದ್ದೇ ಬಿಡುಗಡೆ.

ಮೂರನೆಯದು, ಹೋರಾಟ. ಒಂದೇ ಕೋಣೆಯಲ್ಲಿ ತಂತಿ ಸಿಕ್ಕಿಸಿಕೊಂಡು ನಿಂತ ಅಷ್ಟೊಂದು ಕೂಲಿಗಳು ಒಬ್ಬರೊಡನೊಬ್ಬರು ಸೇರಿ ಏನನ್ನೂ ಕೇಳೋದಿಲ್ಲ. ಮೂವರು ಸೇರಿ ಅಡ್ಡಗಟ್ಟೆ ಒಡೀತಾರೆ, ಅಷ್ಟೇ. ಅದೂ ಕಂಪನಿಯ ಪೈಲಟ್ಟಿಗೆ ಪಶ್ಚಾತ್ತಾಪ ಬಂದದ್ದರಿಂದ! ಗೌಡರ ಮಗ ಮನಸ್ಸು ಬದಲಾಯಿಸಿ ಕೇರಿ ಉದ್ಧಾರ ಮಾಡಿದ ಕಥೆಗಳನ್ನು ನಾವು ಸಾಕಷ್ಟು ಓದಿದ್ದೇವೆ. ನಿಜವಾಗಿ ನಡೆದದ್ದು ಬೇರೆ. 2019ರ ಜನವರಿಯಲ್ಲಿ ಮೆಕ್ಸಿಕೋ ಸರ್ಕಾರ ಗಡಿ ಪ್ರದೇಶದ ಕನಿಷ್ಠ ಕೂಲಿಯನ್ನು ದಿನಕ್ಕೆ 88 ಪೆಸೊದಿಂದ 176 ಪೆಸೊಗೆ ಏರಿಸಿತು. ಕಾರ್ಖಾನೆಗಳು ಅದನ್ನು ನುಂಗಲು ನೋಡಿದಾಗ ಮಾತಾಮೊರೊಸ್ ಪಟ್ಟಣದಲ್ಲಿ ಹತ್ತಾರು ಸಾವಿರ ಮಾಕಿಲಾ ಕೂಲಿಗಳು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ನೂರಕ್ಕೆ 20ರಷ್ಟು ಹೆಚ್ಚಳ, 32 ಸಾವಿರ ಪೆಸೊ ಬೋನಸ್ಸು ಅವರ ಬೇಡಿಕೆ. ಹತ್ತಾರು ಕಾರ್ಖಾನೆಗಳು ಒಪ್ಪಿಕೊಂಡವು. ಬೆಂಗಳೂರಿನಲ್ಲಿ 2016ರ ಏಪ್ರಿಲ್ ತಿಂಗಳು ನಡೆದದ್ದೂ ಇಂಥದೇ. ವಿದೇಶಿ ಅಂಗಡಿಗಳಿಗೆ ಬಟ್ಟೆ ಹೊಲಿಯುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ತಮ್ಮ ಪಿ.ಎಫ್. ಹಣಕ್ಕೆ ಕೈ ಹಾಕಿದ ನಿಯಮದ ವಿರುದ್ಧ ರಸ್ತೆ ತುಂಬಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಡ್ರೋನ್ ಬೇಕಾಗಲಿಲ್ಲ.

*

ಬೆಂಗಳೂರಿನ ಮಾತು ಬಂತು. ಈ ಚಿತ್ರದ ತಂತಿ ನಮ್ಮ ಊರಿಗೂ ಬಂದು ಬಹಳ ದಿನವಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂತು. ಇಲ್ಲಿ ಮಾಡಿದ ಕೆಲಸ ಉಪಗ್ರಹದ ಮೂಲಕ ಅಮೆರಿಕಾ ಮುಟ್ಟುತ್ತಿತ್ತು. ಆಮೇಲೆ ಕಾಲ್ ಸೆಂಟರುಗಳು ಬಂದವು. ನಮ್ಮ ಹುಡುಗ ಹುಡುಗಿಯರು ರಾತ್ರಿಯೆಲ್ಲ ಎದ್ದು, ಹೆಸರು ಬದಲಿಸಿಕೊಂಡು, ಅಮೆರಿಕಾದವರ ಹಾಗೆ ನಾಲಿಗೆ ತಿರುಗಿಸಿ ಮಾತಾಡಿದರು. ನಾಲಿಗೆ ಅಲ್ಲಿ, ನಿದ್ದೆಗೆಟ್ಟ ಕಣ್ಣು ಇಲ್ಲಿ. ನಿದ್ದೆ ವ್ಯಾಪಾರ ಅಂದರೆ ಇನ್ನೇನು?

ಇಲ್ಲೂ ಅದೇ ನಿಯಮ. ಕೆಲಸ ಇಲ್ಲಿಗೆ ಬಂದಷ್ಟೂ ಅಲ್ಲಿಗೆ ಹೋಗುವವರ ಸಾಲು ಉದ್ದವಾಯಿತು. ಯಾಕೆಂದರೆ ಅದೇ ಕೆಲಸಕ್ಕೆ ಅಲ್ಲಿ ಎಷ್ಟು ಸಿಗುತ್ತೆ ಅನ್ನೋದು ಇಲ್ಲಿ ಕೂತವನಿಗೆ ದಿನಾ ಗೊತ್ತಾಗುತ್ತೆ. 1990ರ ಕಾನೂನಿನಿಂದ ಬಂದ ಎಚ್-1ಬಿ ವೀಸಾದ ಮಿತಿ ವರ್ಷಕ್ಕೆ 65 ಸಾವಿರ. ಸಾಫ್ಟ್‌ವೇರಿನ ಭರಾಟೆಯಲ್ಲಿ ಅದನ್ನು 2001ರಿಂದ 2003ರ ತನಕ 1 ಲಕ್ಷ 95 ಸಾವಿರಕ್ಕೆ ಏರಿಸಿದರು, ಮತ್ತೆ ಇಳಿಸಿದರು. ಬೇಕಾದಾಗ ಕರೆ, ಬೇಡವಾದಾಗ ತಳ್ಳು. ಈಚಿನ ವರ್ಷಗಳಲ್ಲಿ ಈ ವೀಸಾ ಪಡೆದ ಹತ್ತು ಜನರಲ್ಲಿ ಏಳಕ್ಕೂ ಹೆಚ್ಚು ಜನ ಭಾರತದಲ್ಲಿ ಹುಟ್ಟಿದವರು. ಕೆಲಸ ಹೋದರೆ 60 ದಿನದೊಳಗೆ ಇನ್ನೊಬ್ಬ ಒಡೆಯನನ್ನು ಹುಡುಕಿಕೊಳ್ಳಬೇಕು. ಇದನ್ನು ಜೀತ ಅಂದರೆ ನಮ್ಮ ಜೀತದಾಳುಗಳಿಗೆ ಅವಮಾನ ಮಾಡಿದಂತೆ. ಆದರೆ ಹಗ್ಗವಂತೂ ಇದೆ. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಹೇರಿದರು. ಕಂಪನಿಗಳು ಕಣ್ಣೀರು ಹಾಕಬೇಕಿಲ್ಲ. ಬೆಂಗಳೂರಿನಲ್ಲೇ ಅವಕ್ಕೆ ಸ್ವಂತ ಕಚೇರಿಗಳಿವೆ. ಮೈ ಅಲ್ಲಿಗೆ ಬಾರದಿದ್ದರೆ ಕೈಯನ್ನು ಇಲ್ಲೇ ಕೊಳ್ಳಬಹುದು, ಇನ್ನೂ ಅಗ್ಗಕ್ಕೆ.

ಹಾಗೆ ದಾಟಿದ ಮೈ ಯಾರದು ಅನ್ನೋ ಪ್ರಶ್ನೆಯನ್ನೂ ಕೇಳಬೇಕು. ಬಹುಪಾಲು ಅದು ಓದು, ಇಂಗ್ಲಿಷು, ಜಮೀನು ತಲೆತಲಾಂತರದಿಂದ ಉಳ್ಳವರ ಮೈ. ಅವರ ಪೆಟ್ಟಿಗೆಯಲ್ಲಿ ಜಾತಿಯೂ ಹೋಯಿತು. 2020ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆಯೊಂದು, ದಲಿತ ಎಂಜಿನಿಯರೊಬ್ಬರಿಗೆ ಜಾತಿ ತಾರತಮ್ಯವಾಗಿದೆ ಎಂದು ಸಿಸ್ಕೋ ಕಂಪನಿಯ ಮೇಲೆ ದಾವೆ ಹೂಡಿತು. ಕಂಪನಿ ಅದನ್ನು ಅಲ್ಲಗಳೆಯಿತು. ಆರೋಪ ಹೊತ್ತ ಇಬ್ಬರು ಮೇಲಧಿಕಾರಿಗಳ ಮೇಲಿನ ದಾವೆಯನ್ನು ಇಲಾಖೆ 2023ರಲ್ಲಿ ಹಿಂತೆಗೆದುಕೊಂಡಿತು. ಅದೇ 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ಕಾನೂನಿನಲ್ಲೇ ನಿಷೇಧಿಸಿತು. ಕ್ಯಾಲಿಫೋರ್ನಿಯಾ ಶಾಸನಸಭೆ ಒಪ್ಪಿದ ಇಂಥದೇ ಮಸೂದೆಯನ್ನು ಅಕ್ಟೋಬರಿನಲ್ಲಿ ಅಲ್ಲಿನ ಗವರ್ನರ್ ತಿರಸ್ಕರಿಸಿದರು. ಅಲ್ಲಿ ಬಿಳಿಯರ ಮುಂದೆ ಸಮಾನತೆ ಕೇಳುವ ನಮ್ಮ ದೇಶಬಾಂಧವರು ತಮ್ಮೊಳಗೆ ಅದನ್ನು ಕೊಡಲು ಹಿಂದೆಗೆಯುತ್ತಾರಲ್ಲ, ಇದಕ್ಕೇನು ಹೇಳೋಣ?

*

ಬೇರೆಯವರನ್ನು ಬೈಯೋದು ಸುಲಭ. ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಬೆಂಗಳೂರಿನ ಕಟ್ಟಡಗಳನ್ನು ಕಟ್ಟುವವರು ರಾಯಚೂರು, ಯಾದಗಿರಿಯಿಂದ ಗುಳೆ ಬಂದವರು. ಜೊತೆಗೆ ಬಿಹಾರ, ಒಡಿಶಾ, ಜಾರ್ಖಂಡ್, ಬಂಗಾಳದವರು. ಹೊರಗಿನವರು ಬಂದು ನಮ್ಮ ಕೂಲಿ ಇಳಿಸಿದರು ಅಂತ ನಮ್ಮ ಹುಡುಗರೇ ಗೊಣಗ್ತಾರೆ. ಇದು ಅಮೆರಿಕಾದ ಬಿಳಿ ಕಾರ್ಮಿಕ ಮೆಕ್ಸಿಕೋದವನ ಬಗ್ಗೆ, ನಮ್ಮ ಬಗ್ಗೆ ಗೊಣಗುವ ಮಾತೇ. ಕೂಲಿ ಇಳಿದದ್ದು ಅವನು ಬಂದದ್ದರಿಂದಲ್ಲ. ಅವನಿಗೆ ಇಲ್ಲಿ ರೇಷನ್ ಕಾರ್ಡಿಲ್ಲ, ಓಟಿಲ್ಲ, ಸಂಘವಿಲ್ಲ, ಅದನ್ನು ತಿಳಿದೇ ಮೇಸ್ತ್ರಿ ಅವನನ್ನು ಕರೆತಂದದ್ದು. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಊರಿಗೆ ಹೊರಟ ಈ ಜನರ ರೈಲುಗಳನ್ನೇ ನಮ್ಮ ಸರ್ಕಾರ ನಿಲ್ಲಿಸಲು ಹೊರಟಿತು, ಬಿಲ್ಡರುಗಳ ಜೊತೆ ಸಭೆ ನಡೆಸಿದ ಮೇಲೆ. ಎಲ್ಲ ಕಡೆ ಛೀಮಾರಿ ಬಿದ್ದು ಎರಡು ದಿನದಲ್ಲಿ ತೀರ್ಮಾನ ಬದಲಿಸಿತು. ಅಮೆರಿಕಾ ಮೈ ಒಳಗೆ ಬರದಂತೆ ತಡೆದರೆ, ನಾವು ಹೊರಗೆ ಹೋಗದಂತೆ ತಡೆದೆವು. ಲೆಕ್ಕ ಒಂದೇ. ಮೈ ತನ್ನ ಇಷ್ಟದಂತೆ ನಡೆಯಬಾರದು.

ಹಾಗಾದರೆ ನಮ್ಮ ಬೇಡಿಕೆ ಏನು? ಹೊರಗುತ್ತಿಗೆ ನಿಲ್ಲಿಸಿ ಅನ್ನೋದಲ್ಲ. ವಲಸೆ ನಿಲ್ಲಿಸಿ ಅನ್ನೋದಂತೂ ಅಲ್ಲವೇ ಅಲ್ಲ. ಕೆಲಸ ಎಲ್ಲಿ ಹೋದರೂ ಕೂಲಿ ಅದರ ಹಿಂದೆ ಹೋಗಬೇಕು. ನಾಫ್ಟಾದ ಜಾಗಕ್ಕೆ 2020ರ ಜುಲೈಯಲ್ಲಿ ಬಂದ ಹೊಸ ಒಪ್ಪಂದದಲ್ಲಿ ಒಂದು ಷರತ್ತಿದೆ. ಸುಂಕವಿಲ್ಲದೆ ಗಡಿ ದಾಟುವ ಕಾರಿನ ಬೆಲೆಯಲ್ಲಿ ನೂರಕ್ಕೆ 40ರಿಂದ 45 ಭಾಗ, ಗಂಟೆಗೆ 16 ಡಾಲರಿಗೆ ಕಡಿಮೆಯಿಲ್ಲದ ಕೂಲಿ ಪಡೆಯುವವರ ಕೈಯಲ್ಲಿ ತಯಾರಾಗಿರಬೇಕು. ಇದನ್ನು ಹಾಕಿದ್ದು ಮೆಕ್ಸಿಕೋದವನ ಮೇಲಿನ ಕರುಣೆಯಿಂದಲ್ಲ, ಕಾರ್ಖಾನೆ ಅಮೆರಿಕಾದಲ್ಲೇ ಉಳಿಯಲಿ ಅಂತ. ಆದರೂ ಸರಕಿನ ಜೊತೆ ಕೂಲಿಯ ಮಾತೂ ಗಡಿ ದಾಟಬಹುದು ಅನ್ನೋದನ್ನು ಅವರ ಬಾಯಿಂದಲೇ ಒಪ್ಪಿದಂತಾಯಿತು. ಈ ಬಿರುಕಿನಲ್ಲಿ ಕೈ ತೂರಿಸೋದು ದುಡಿಯುವ ಜನರ ಸಂಘಟನೆಗಳಿಗೆ ಬಿಟ್ಟದ್ದು.

ಸಿನಿಮಾ ಮುಗಿದ ಮೇಲೆ ಹಾಸ್ಟೆಲ್ಲಿನಲ್ಲಿ ಮಾತು ಬಹಳ ಹೊತ್ತು ನಡೀತು. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ತಡೆದು ತಡೆದು ಕೇಳಿದ: “ಹಾಗಾದ್ರೆ ನಾನು ಅಮೆರಿಕಾಕ್ಕೆ ಹೋಗಬಾರದಾ ಸಾರ್?” ಅವನ ಅಪ್ಪ ಅಮ್ಮ ಇನ್ನೂ ಕೂಲಿ ಮಾಡ್ತಾರೆ. ನಾನಂದೆ: “ಹೋಗಪ್ಪ, ಖಂಡಿತಾ ಹೋಗು. ಊರ ಗೌಡನ ಜಗಲಿ ಕೆಳಗೆ ನಿಲ್ಲೋದಕ್ಕಿಂತ ಅದು ಮೇಲು. ಆದ್ರೆ ಅಲ್ಲಿ ಹೋಗಿ ನೀನು ರೂಡಿ ಆಗಬೇಡ.” ಅವನು ನಗಲಿಲ್ಲ. “ಅಲ್ಲೂ ಜಗಲಿ ಇದ್ರೆ?” ಅಂತ ಕೇಳಿದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಹಾಸ್ಟೆಲ್ಲಿನ ಹಿಂದೆ ಹೊಸ ಬಡಾವಣೆ ಏಳ್ತಾ ಇದೆ. ಒಡಿಶಾದ ಹುಡುಗರು ಅಲ್ಲಿ ತಗಡಿನ ಶೆಡ್ಡಿನಲ್ಲಿದ್ದಾರೆ. ಆವತ್ತು ಅವರಲ್ಲಿ ಇಬ್ಬರು ನಮ್ಮ ಕಿಟಕಿಯ ಹೊರಗೆ ನಿಂತು ಸಿನಿಮಾ ನೋಡಿ ಹೋದರಂತೆ, ಆಮೇಲೆ ಗೊತ್ತಾಯಿತು. ನಾವು ಯಾರೂ ಒಳಗೆ ಕರೆದಿರಲಿಲ್ಲ. ಮುಂದಿನ ತಿಂಗಳು ಮತ್ತೊಮ್ಮೆ ಹಾಕ್ತೀವಿ. ಅವರನ್ನು ಮೊದಲು ಕರೆದು, ಚಾಪೆ ಹಾಕಿ, ನಡುವೆ ಕೂರಿಸಬೇಕು ಅಂತ ಹುಡುಗರು ತೀರ್ಮಾನ ಮಾಡಿದ್ದಾರೆ.